ಹೊಸ ಮನೆಯಲ್ಲಿ ಡೇಟಾ ಕೇಬಲ್: ಗಿಲಾವು ಮಾಡುವ ಮೊದಲು ತೀರ್ಮಾನಿಸಬೇಕಾದ ಸಂಗತಿಗಳು

ಡೇಟಾ ಕೇಬಲ್ ಎಂದರೆ ಇಂಟರ್ನೆಟ್ ಮತ್ತು ಉಪಕರಣಗಳ ನಡುವಿನ ಮಾಹಿತಿಯನ್ನು ಒಯ್ಯುವ ಕೇಬಲ್. ಮನೆಯ ವಿದ್ಯುತ್ ವೈರಿಂಗ್‌ಗೆ ನಕ್ಷೆ ಬರೆಯುವಾಗಲೇ ಡೇಟಾ ಕೇಬಲ್‌ಗಳ ನಕ್ಷೆಯನ್ನೂ ಅದರ ಪಕ್ಕದಲ್ಲಿಟ್ಟುಕೊಂಡು ಬರೆಯಬೇಕು. ಗೋಡೆಯೊಳಗೆ ಪೈಪ್ ಇದ್ದರೆ ಹಳೆಯ ಕೇಬಲ್ ಎಳೆದು ತೆಗೆದು ಹೊಸದನ್ನು ಹಾಕುವುದು ಒಂದು ಗಂಟೆಯ ಕೆಲಸ. ಪೈಪೇ ಇಲ್ಲದಿದ್ದರೆ ಗಿಲಾವು ಮುಗಿದ ಗೋಡೆಯನ್ನು ಮತ್ತೆ ಕೊರೆಯಬೇಕಾಗುತ್ತದೆ. ಕಾಂಕ್ರೀಟ್ ಛಾವಣಿಯ ನಡುವೆ ಒಂದು ಪಾಯಿಂಟ್ ಬೇಕಿದ್ದರೆ ಕಾಂಕ್ರೀಟ್ ಸುರಿಯುವ ಮೊದಲೇ ಪೈಪ್ ಹಾಕಿರಬೇಕು. ಆ ದಿನ ತಪ್ಪಿದರೆ ಮುಂದೆ ಪಟ್ಟಿ ಹೊಡೆದು ಕೇಬಲ್‌ಅನ್ನು ಹೊರಗಿನಿಂದಲೇ ತರಬೇಕು. ಆದ್ದರಿಂದ ಯಾವ ಕೇಬಲ್ ಕೊಳ್ಳಬೇಕೆಂಬ ಪ್ರಶ್ನೆಗಿಂತ ಅದು ಯಾವ ದಾರಿಯಲ್ಲಿ ಹೋಗಬೇಕೆಂಬ ಪ್ರಶ್ನೆಯನ್ನೇ ನಾವು ಮೊದಲು ಎತ್ತಿಕೊಳ್ಳಬೇಕು.

ವಿದ್ಯುತ್ ವೈರಿಂಗ್ ಕಲಿತು ಬಂದವರು ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಒಂದು ಪ್ಲಗ್ ಪಾಯಿಂಟ್‌ನಿಂದ ಮುಂದಿನದಕ್ಕೆ ವೈರ್ ಮುಂದುವರಿಸುವಂತೆ ಡೇಟಾ ಕೇಬಲ್‌ಅನ್ನೂ ಒಂದು ಕೋಣೆಯ ಜ್ಯಾಕ್‌ನಿಂದ ಇನ್ನೊಂದು ಕೋಣೆಗೆ ಕವಲು ಹೊಡೆಸಲು ನೋಡುತ್ತಾರೆ. ಕೇಬಲ್ ಮೂಲಕ ಉಪಕರಣಗಳನ್ನು ಜೋಡಿಸುವ ಇಂದಿನ ವಿಧಾನವಾದ ಈಥರ್ನೆಟ್‌ನಲ್ಲಿ ಒಂದು ಕೇಬಲ್‌ನ ಎರಡು ತುದಿಗಳಲ್ಲಿ ಎರಡೇ ಉಪಕರಣಗಳಿರುತ್ತವೆ, ನಡುವೆ ಕವಲೊಡೆಯುವ ಅವಕಾಶವಿಲ್ಲ. ಹೀಗಾಗಿ ಪ್ರತಿಯೊಂದು ಪಾಯಿಂಟ್‌ನಿಂದಲೂ ಒಂದು ಅಖಂಡ ಕೇಬಲ್ ಮನೆಯ ಒಂದೇ ಕೇಂದ್ರಕ್ಕೆ ಬಂದು ಸೇರಬೇಕು. ಇದನ್ನು ನಕ್ಷತ್ರ ವಿನ್ಯಾಸವೆಂದು ಕರೆಯುತ್ತಾರೆ. ಕೇಂದ್ರದಲ್ಲಿ ಕೇಬಲ್‌ಗಳು ಸಾಲಾಗಿ ಜ್ಯಾಕ್‌ಗಳಿರುವ ಪ್ಯಾಚ್ ಪ್ಯಾನಲ್‌ನಲ್ಲಿ ಕೊನೆಗೊಳ್ಳುತ್ತವೆ, ಅಲ್ಲಿಂದ ಸಣ್ಣ ಪ್ಯಾಚ್ ಕಾರ್ಡ್‌ಗಳ ಮೂಲಕ ಸ್ವಿಚ್‌ಗೂ (ಹಲವು ಡೇಟಾ ಕೇಬಲ್‌ಗಳನ್ನು ಒಂದಕ್ಕೊಂದು ಸೇರಿಸುವ ಉಪಕರಣ, ದೀಪದ ಸ್ವಿಚ್ ಅಲ್ಲ) ರೂಟರ್‌ಗೂ (ಮನೆಯ ಜಾಲವನ್ನು ಇಂಟರ್ನೆಟ್‌ಗೆ ಸೇರಿಸುವ ಉಪಕರಣ) ಸಂಪರ್ಕ ಪಡೆಯುತ್ತವೆ.

ಈ ಕೇಂದ್ರಕ್ಕೆ ಒಣಗಿದ, ಗಾಳಿಯಾಡುವ, ಕೈಗೆ ಸಿಗುವ ಜಾಗ ಬೇಕು. ಬಾಗಿಲು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ರೂಟರ್, ಸ್ವಿಚ್ ಮತ್ತು ಫೈಬರ್ ಮೋಡೆಮ್ ಮೂರನ್ನೂ ತುರುಕಿದರೆ ಬಿಸಿ ಹೊರಹೋಗುವುದಿಲ್ಲ. ನಾಲ್ಕೈದು ಪ್ಲಗ್‌ಗಳಿಗೆ ಅಲ್ಲೇ ವಿದ್ಯುತ್ ಇರಬೇಕು, ಸಾಧ್ಯವಾದರೆ ಯುಪಿಎಸ್‌ಗೂ ಸ್ಥಳವಿರಬೇಕು. ಹೊರಗಿನಿಂದ ಫೈಬರ್ ಬರುವ ಜಾಗದಿಂದ ಈ ಪೆಟ್ಟಿಗೆಯವರೆಗೆ ಒಂದು ಖಾಲಿ ಪೈಪ್ ಹಾಕಿಡುವುದನ್ನು ಹಲವರು ಮರೆಯುತ್ತಾರೆ. ಆಮೇಲೆ ಫೈಬರ್ ಹಾಲ್‌ನ ಕಿಟಕಿಯಿಂದ ಒಳಬಂದು, ಮೋಡೆಮ್ ಅಲ್ಲೇ ನಿಂತು, ಎಚ್ಚರಿಕೆಯಿಂದ ಮಾಡಿದ ಕೇಂದ್ರವೆಲ್ಲ ನಿಷ್ಪ್ರಯೋಜಕವಾಗುತ್ತದೆ.

ಪಾಯಿಂಟ್‌ಗಳನ್ನು ಗುರುತಿಸುವಾಗ, ಜಾಗ ಬದಲಿಸದೆ ಇದ್ದಲ್ಲೇ ಇರುವ ಉಪಕರಣಗಳಿಗೆಲ್ಲ ಕೇಬಲ್ ಕೊಡಬೇಕೆಂಬುದು ನನ್ನ ನಿಲುವು: ಟಿವಿ, ಓದುವ ಮೇಜು, ಕ್ಯಾಮೆರಾ, ಬಾಗಿಲ ಬಳಿಯ ವಿಡಿಯೊ ಗಂಟೆ. ವೈ-ಫೈ ಇದ್ದ ಮೇಲೆ ಕೇಬಲ್ ಏಕೆ ಎಂದು ಕೇಳುವವರಿಗೆ ಹೇಳಬೇಕಾದದ್ದೇನೆಂದರೆ, ಚೆನ್ನಾದ ವೈ-ಫೈಗೇ ಕೇಬಲ್ ಬೇಕು. 5 ಗಿಗಾಹರ್ಟ್ಸ್‌ನ ಅಲೆಗಳು 2.4 ಗಿಗಾಹರ್ಟ್ಸ್‌ನ ಅಲೆಗಳಷ್ಟು ಸುಲಭವಾಗಿ ಇಟ್ಟಿಗೆ ಮತ್ತು ಕಾಂಕ್ರೀಟ್ ದಾಟುವುದಿಲ್ಲವಾದ್ದರಿಂದ, ಪ್ರತಿ ಅಂತಸ್ತಿನ ಛಾವಣಿಯ ನಡುಭಾಗದಲ್ಲಿ ವೈ-ಫೈ ಹರಡುವ ಆಕ್ಸೆಸ್ ಪಾಯಿಂಟ್‌ಗೆಂದು ಒಂದು ಕೇಬಲ್ ಬಿಟ್ಟಿರುವುದು ಅತ್ಯಂತ ಉಪಯುಕ್ತ. ಆ ಉಪಕರಣಕ್ಕೆ ಬೇರೆ ವಿದ್ಯುತ್ ಪಾಯಿಂಟ್ ಕೂಡ ಬೇಡ, ಏಕೆಂದರೆ ಪಿಒಇ (ಪವರ್ ಓವರ್ ಈಥರ್ನೆಟ್) ವಿಧಾನದಲ್ಲಿ ಡೇಟಾ ಕೇಬಲ್‌ನಲ್ಲೇ ವಿದ್ಯುತ್ ಹೋಗುತ್ತದೆ. ಈ ವಿಧಾನದ 2003ರ ಮಾನಕದಲ್ಲಿ ಸ್ವಿಚ್‌ನ ಪ್ರತಿ ಪೋರ್ಟ್ 15.4 ವ್ಯಾಟ್, 2009ರದರಲ್ಲಿ 30 ವ್ಯಾಟ್, 2018ರದರಲ್ಲಿ 90 ವ್ಯಾಟ್‌ವರೆಗೆ ಕೊಡಬಲ್ಲದು. ಟಿವಿ ಮತ್ತು ಮೇಜಿನ ಬಳಿ ಒಂದರ ಬದಲು ಎರಡು ಕೇಬಲ್ ಬಿಡುವುದು ಜಾಣತನ.

ಕೇಬಲ್‌ನ ದರ್ಜೆಯ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. ‘ಕ್ಯಾಟ್’ ಎಂದರೆ ಕೇಬಲ್‌ನ ವರ್ಗ (ಕೆಟಗರಿ). ಕ್ಯಾಟ್ 5ಇ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗವನ್ನು 100 ಮೀಟರ್‌ವರೆಗೆ ಕೊಡುತ್ತದೆ. ಕ್ಯಾಟ್ 6 ಕೇಬಲ್ ಹತ್ತು ಗಿಗಾಬಿಟ್ ವೇಗವನ್ನು ಸುಮಾರು 55 ಮೀಟರ್‌ವರೆಗೆ, ಹಲವು ಕೇಬಲ್‌ಗಳು ಒತ್ತಾಗಿ ಸಾಗಿದ್ದರೆ 37 ಮೀಟರ್‌ವರೆಗೆ ನಿಭಾಯಿಸುತ್ತದೆ. ಕ್ಯಾಟ್ 6ಎ ಅದೇ ವೇಗವನ್ನು 100 ಮೀಟರ್‌ವರೆಗೂ ಒಯ್ಯುತ್ತದೆ, ಆದರೆ ದಪ್ಪವಾಗಿರುವುದರಿಂದ ಬಾಗಿಸುವುದು ಕಷ್ಟ. ಮನೆಯ ದೂರಗಳಿಗೆ ಕ್ಯಾಟ್ 6 ಸಾಕು. ಇದಕ್ಕಿಂತ ಮುಖ್ಯವಾದದ್ದು ತಂತಿ ಶುದ್ಧ ತಾಮ್ರದ್ದಾಗಿರಬೇಕು ಎಂಬುದು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಹೊರಗಿನಿಂದ ಒಂದೇ ರೀತಿ ಕಂಡರೂ ಅದರ ರೋಧ ಹೆಚ್ಚು, ಪಿಒಇ ಹರಿಸಿದಾಗ ಬಿಸಿಯಾಗುತ್ತದೆ, ಬಾಗಿಸಿದರೆ ಬೇಗ ಮುರಿಯುತ್ತದೆ. ಕೇಬಲ್ ವರ್ಗಗಳ ಮಾನಕ ಅದನ್ನು ಒಪ್ಪುವುದಿಲ್ಲ.

ಡೇಟಾ ಕೇಬಲ್‌ಅನ್ನು ವಿದ್ಯುತ್ ವೈರ್ ಇರುವ ಪೈಪ್‌ನಲ್ಲಿ ಎಂದಿಗೂ ಹಾಕಬಾರದು. ಡೇಟಾ ಸಂಕೇತದಲ್ಲಿ ಗದ್ದಲ (ವಿದ್ಯುತ್ ವೈರ್‌ನಿಂದ ಬರುವ ಅಡಚಣೆ) ಬೆರೆಯುವುದು ಅದಕ್ಕೆ ಒಂದು ಕಾರಣ, ಅದಕ್ಕಿಂತ ದೊಡ್ಡ ಕಾರಣ ಸುರಕ್ಷತೆ. ಎರಡೂ ಸಮಾನಾಂತರವಾಗಿ ಸಾಗುವಲ್ಲಿ ಅಂತರವಿರಲಿ, ದಾಟಲೇಬೇಕಾದಲ್ಲಿ ಲಂಬ ಕೋನದಲ್ಲಿ ದಾಟಲಿ. ಪೈಪ್‌ನ ಒಳಜಾಗದಲ್ಲಿ ಶೇಕಡ 40ಕ್ಕಿಂತ ಹೆಚ್ಚು ತುಂಬಬಾರದು, ಎಳೆಯುವ ಎರಡು ಸ್ಥಳಗಳ ನಡುವೆ ಎರಡಕ್ಕಿಂತ ಹೆಚ್ಚು ಲಂಬ ಕೋನದ ತಿರುವುಗಳಿರಬಾರದು, ಮುಂದಿನ ಬಳಕೆಗೆ ಒಳಗೊಂದು ದಾರ ಉಳಿದಿರಬೇಕು. ಕೇಬಲ್‌ನ ಬಾಗಿನ ತ್ರಿಜ್ಯ ಕೇಬಲ್ ವ್ಯಾಸದ ನಾಲ್ಕು ಪಟ್ಟಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು.

ತುದಿ ಕಟ್ಟುವ, ಅಂದರೆ ಕೇಬಲ್ ತುದಿಯ ತಂತಿಗಳನ್ನು ಜ್ಯಾಕ್‌ಗೆ ಜೋಡಿಸುವ ಕೆಲಸದಲ್ಲಿ ಬಣ್ಣಗಳ ಕ್ರಮವನ್ನು ಕಂಠಪಾಠ ಮಾಡುವ ಬದಲು ಅದರ ಕಾರಣವನ್ನು ತಿಳಿಯಬೇಕು. ಕೇಬಲ್‌ನಲ್ಲಿ ನಾಲ್ಕು ಜೋಡಿಗಳಿವೆ. ಪ್ರತಿ ಜೋಡಿಯ ಎರಡು ತಂತಿಗಳಲ್ಲಿ ಸಂಕೇತ ಪರಸ್ಪರ ವಿರುದ್ಧವಾಗಿ ಹೋಗುತ್ತದೆ. ತಂತಿಗಳು ಹೊಸೆದುಕೊಂಡಿರುವುದರಿಂದ ಹೊರಗಿನ ಗದ್ದಲ ಎರಡಕ್ಕೂ ಹೆಚ್ಚುಕಡಿಮೆ ಸಮಾನವಾಗಿ ತಗಲುತ್ತದೆ, ಸ್ವೀಕರಿಸುವ ತುದಿ ಎರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಆ ಗದ್ದಲ ಕಳೆದುಹೋಗುತ್ತದೆ. ತಂತಿಗಳನ್ನು ಜೋಡಿಸುವ ಎರಡು ಮಾನಕ ಕ್ರಮಗಳಲ್ಲಿ ಒಂದಾದ ಟಿ568ಬಿಯಲ್ಲಿ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಬರುತ್ತದೆ. ಟಿ568ಎಯಲ್ಲಿ ಕಿತ್ತಳೆ ಮತ್ತು ಹಸಿರು ಜೋಡಿಗಳು ಅದಲುಬದಲಾಗುತ್ತವೆ. ಎರಡರಲ್ಲೂ 3 ಮತ್ತು 6ನೆಯ ಪಿನ್‌ಗಳು ಒಂದು ಜೋಡಿ, 4 ಮತ್ತು 5 ಇನ್ನೊಂದು ಜೋಡಿ. ಇದನ್ನು ಅರಿಯದೆ ಬಣ್ಣಗಳನ್ನು ಎರಡೆರಡಾಗಿ ಸಾಲಾಗಿ ಜೋಡಿಸಿದರೆ ಎರಡೂ ತುದಿ ಒಂದೇ ರೀತಿ ಇರುತ್ತವೆ, ದೀಪ ಬೆಳಗುವ ಸರಳ ಟೆಸ್ಟರ್‌ ಎಂಟೂ ತಂತಿಗಳು ಸರಿಯೆಂದು ತೋರಿಸುತ್ತದೆ, ಆದರೆ 3 ಮತ್ತು 6ರ ಸಂಕೇತ ಬೇರೆ ಬೇರೆ ಜೋಡಿಗಳ ತಂತಿಗಳಲ್ಲಿ ಹೋಗುವುದರಿಂದ ಹೊಸೆತದ ರಕ್ಷಣೆ ಇಲ್ಲವಾಗಿ ವೇಗ ಕುಸಿಯುತ್ತದೆ. ನಾವು ಮಾಡುವ ತಪ್ಪುಗಳಲ್ಲಿ ಇದೇ ಅತ್ಯಂತ ಕಪಟವಾದುದು. ಹಾಗೆಯೇ ಜ್ಯಾಕ್‌ನ ಬಳಿ ಹೊಸೆತವನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು.

ಕೇಬಲ್ ಎಳೆಯುವ ಮೊದಲೇ ಎರಡೂ ತುದಿಗಳಿಗೆ ಒಂದೇ ಸಂಖ್ಯೆ ಬರೆದು ನಕ್ಷೆಯಲ್ಲೂ ಅದನ್ನು ಗುರುತಿಸಬೇಕು. ಪೈಪ್‌ಗಳು ಗೋಡೆಯಲ್ಲಿ ಕುಳಿತ ಮೇಲೆ, ಅಳತೆ ಟೇಪನ್ನು ನೆಲದಿಂದ ಮತ್ತು ಮೂಲೆಯಿಂದ ಹಿಡಿದು ಪ್ರತಿ ಗೋಡೆಯ ಚಿತ್ರ ತೆಗೆದಿಡಬೇಕು; ಮುಂದೆ ಯಾರಾದರೂ ಆ ಗೋಡೆಗೆ ಮೊಳೆ ಹೊಡೆಯುವ ಮೊದಲು ಆ ಚಿತ್ರವನ್ನು ನೋಡಿಕೊಳ್ಳಬಹುದು.