ಗ್ಯಾಸ್ ಹಿಂಡಿದ್ರೆ ನೀರು ಬರುತ್ತೆ, ಜಾಸ್ತಿ ಹಿಂಡಿದ್ರೆ ವಾಪಸ್ ಹೋಗುತ್ತೆ

ಕಾರ್ಬನ್ ಡೈಆಕ್ಸೈಡನ್ನ ಗಾಳಿಗೆ ಬಿಡದೆ ಹಿಡಿದು ನೆಲದೊಳಗೆ ತುಂಬೋ ವಿಷಯ ಬಂದಾಗೆಲ್ಲ ಯಾರಾದ್ರೂ ಒಬ್ರು "ಅದು ಆಸಿಡ್ ಗ್ಯಾಸ್ ಕಣ್ರೀ, ಪೈಪೆಲ್ಲ ತಿಂದು ಹಾಕುತ್ತೆ" ಅಂತ ಹೇಳೇ ಹೇಳ್ತಾರೆ. ಅರ್ಧ ಸತ್ಯ ಅಷ್ಟೇ. ಒಣಗಿರೋ ಕಾರ್ಬನ್ ಡೈಆಕ್ಸೈಡ್ ಮಾಮೂಲಿ ಸ್ಟೀಲ್ ಪೈಪಿಗೆ ಏನೂ ಮಾಡಲ್ಲ. ತಂಟೆ ಎಲ್ಲ ನೀರಿಂದು. ಎರಡೂ ಸೇರಿದ್ರೆ ಕಾರ್ಬಾನಿಕ್ ಆಸಿಡ್, ಸೋಡಾ ಕುಡಿದಾಗ ನಾಲಿಗೆ ಚುರ್ ಅನ್ಸುತ್ತಲ್ಲ ಅದೇ, ಆದ್ರೆ ಪೈಪ್‌ಲೈನ್ ಒತ್ತಡದಲ್ಲಿ ಅದು ಸ್ಟೀಲನ್ನ ವರ್ಷಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ತಿನ್ನಬಲ್ಲದು. ಸಾಲದ್ದಕ್ಕೆ, ಒತ್ತಡ ಇದ್ರೆ 10 ಡಿಗ್ರಿ ಹತ್ತಿರಾನೇ ನೀರು ಮತ್ತೆ ಈ ಗ್ಯಾಸ್ ಸೇರಿ ಹೈಡ್ರೇಟ್ ಅನ್ನೋ ಹಿಮದಂಥ ಗಟ್ಟಿ ಆಗಿ ಪೈಪ್ ಕಟ್ಕೊಳ್ಳುತ್ತೆ.

ಹಾಗಂತ ಎಲ್ರೂ ಒಣಗಿಸ್ತಾರೆ ಅಂತೇನಿಲ್ಲ. ನಾರ್ವೆಯ ಸ್ಲೈಪ್ನರ್ ಅನ್ನೋ ಸಮುದ್ರದ ಗ್ಯಾಸ್ ಫೀಲ್ಡಲ್ಲಿ 1996ರಿಂದ ಸಮುದ್ರದ ತಳದ ಕೆಳಗೆ ಇದನ್ನ ಇಳಿಸ್ತಿದಾರೆ (1991ರಲ್ಲಿ ಅಲ್ಲಿನ ಸರ್ಕಾರ ಕಾರ್ಬನ್ ಟ್ಯಾಕ್ಸ್ ಹಾಕಿತ್ತು, ಪರಿಸರ ಪ್ರೇಮಕ್ಕಿಂತ ಟ್ಯಾಕ್ಸ್ ಉಳಿಸೋ ಲೆಕ್ಕ ಚೆನ್ನಾಗಿ ಕೆಲಸ ಮಾಡ್ತು ಅನ್ನಿ), ಅಲ್ಲಿ ಗ್ಯಾಸ್ ಒದ್ದೆಯಾಗೇ ಹೋಗುತ್ತೆ. ಗ್ಯಾಸ್ ಇಳಿಸೋ ಬಾವಿ ಹತ್ತಿರಾನೇ ಇದೆ, ತುಕ್ಕು ಹಿಡೀದಿರೋ ದುಬಾರಿ ಸ್ಟೀಲ್ ಹಾಕಿದ್ರೆ ಮುಗೀತು. ಆದ್ರೆ ಕೆನಡಾದ ಆಲ್ಬರ್ಟಾದಲ್ಲಿ 2015ರಲ್ಲಿ ಶುರುವಾದ ಕ್ವೆಸ್ಟ್ ಪ್ಲಾಂಟಿಂದ ಬಾವಿಗಳ ತನಕ ಸುಮಾರು 65 ಕಿಲೋಮೀಟರ್ ಪೈಪ್, ಅಷ್ಟುದ್ದಕ್ಕೂ ಆ ಸ್ಟೀಲ್ ಹಾಕೋಕೆ ಹೋದ್ರೆ ದಿವಾಳಿನೇ, ಅದಕ್ಕೆ ಅಲ್ಲಿ ಗ್ಲೈಕಾಲ್ ಅನ್ನೋ ನೀರು ಹೀರೋ ದ್ರವ ಹಾಕಿ ಒಣಗಿಸ್ತಾರೆ.

ಈಗ ನಂಗೆ ಇಷ್ಟವಾದ ಭಾಗ. ಒದ್ದೆ ಬಟ್ಟೆ ಹಿಂಡಿದ ಹಾಗೆ ಕಂಪ್ರೆಸರ್‌ನಲ್ಲಿ ಗ್ಯಾಸ್ ಒತ್ತಿ ತಣ್ಣಗೆ ಮಾಡಿದ್ರೆ ನೀರು ತಾನೇ ಇಳಿಯುತ್ತೆ. 25 ಡಿಗ್ರಿಯಲ್ಲಿ, ಮಾಮೂಲಿ ಗಾಳಿಯ ಒತ್ತಡದಲ್ಲಿ, 1000 ಅಣುಗಳಲ್ಲಿ 31ರಷ್ಟು ನೀರಿರಬಹುದು. 50 ಬಾರ್‌ಗೆ (ಒಂದು ಬಾರ್ ಅಂದ್ರೆ ಹೆಚ್ಚುಕಮ್ಮಿ ಮಾಮೂಲಿ ಗಾಳಿಯ ಒತ್ತಡ) ಒತ್ತಿದ್ರೆ ಅದು ಒಂದರ ಆಸುಪಾಸಿಗೆ ಬರುತ್ತೆ. ಸರಿ, ಇನ್ನೂ ಹಿಂಡೋಣ ಅಂದ್ರೆ ಅಲ್ಲೇ ಎಡವಟ್ಟು. 64 ಬಾರ್ ಹತ್ತಿರ ಗ್ಯಾಸೇ ದ್ರವ ಆಗಿಬಿಡುತ್ತೆ, ಆಗ ಒತ್ತೊತ್ತಾಗಿ ಕೂತ ಕಾರ್ಬನ್ ಡೈಆಕ್ಸೈಡ್ ಅಣುಗಳು ನೀರಿನ ಅಣುಗಳನ್ನ ತಮ್ಮ ಕಡೆಗೆ ಎಳ್ಕೊಳ್ಳೋಕೆ ಶುರು ಮಾಡ್ತವೆ, 1000ಕ್ಕೆ ಎರಡು ಮೂರು ಹಿಡಿಸುತ್ತೆ. ಅಂದ್ರೆ ಹಿಂಡಿ ತೆಗೆದಿದ್ದ ನೀರನ್ನ ಬಟ್ಟೆನೇ ವಾಪಸ್ ಕುಡಿದ ಹಾಗೆ! ಮಾಮೂಲಿ ನ್ಯಾಚುರಲ್ ಗ್ಯಾಸಲ್ಲಿ ಈ ಆಟ ಇಲ್ಲ. ಅದಕ್ಕೇ ಕಂಪ್ರೆಸರ್‌ನ ಹಂತಗಳ ಮಧ್ಯದಲ್ಲೇ, ನೀರು ತೀರಾ ಕಮ್ಮಿ ಇರೋ ಒತ್ತಡದ ಹತ್ತಿರ ನಿಲ್ಲಿಸಿ, ಉಳಿದಿದ್ದನ್ನ ಗ್ಲೈಕಾಲ್‌ಗೆ ಒಪ್ಪಿಸೋದು. ಒತ್ತಡ ಜಾಸ್ತಿ ಆದ್ರೆ ಗ್ಲೈಕಾಲೂ ಕರಗಿ ಗ್ಯಾಸ್ ಜೊತೆ ಹೊರಟು ಹೋಗುತ್ತೆ, ಅದೊಂದು ನಷ್ಟ ಬೇರೆ.

ಬಳಸೋದು ಟ್ರೈಎಥಿಲೀನ್ ಗ್ಲೈಕಾಲ್, ಪ್ಲಾಂಟ್‌ನೋರ ಬಾಯಲ್ಲಿ ಟಿಇಜಿ. ಅಣುವಿನ ಎರಡು ತುದಿಗೂ ನೀರನ್ನ ಹಿಡ್ಕೊಳ್ಳೋ ಓಎಚ್ ಗುಂಪು, ನಡುವೆ ಇನ್ನೆರಡು ಆಕ್ಸಿಜನ್. ಎತ್ತರದ ಟವರ್‌ನಲ್ಲಿ ಇದು ಮೇಲಿಂದ ಜಿನುಗುತ್ತೆ, ಗ್ಯಾಸ್ ಕೆಳಗಿಂದ ಏರುತ್ತೆ. ನೀರು ಕುಡಿದ ಟಿಇಜಿಯನ್ನ ರೀಬಾಯ್ಲರ್‌ನಲ್ಲಿ 204 ಡಿಗ್ರಿ ತನಕ ಕಾಯಿಸಿದ್ರೆ ನೀರು ಆವಿಯಾಗಿ ಹೋಗುತ್ತೆ, ಟಿಇಜಿ ಕುದಿಯೋದು 285 ದಾಟಿದ ಮೇಲೆ, ಹಾಗಾಗಿ ಅದು ಉಳ್ಕೊಳ್ಳುತ್ತೆ, ತಣಿಸಿ ಮತ್ತೆ ಟವರ್‌ಗೆ. ಇನ್ನೂ ಕಾಯಿಸಿ ಇನ್ನೂ ಒಣಗಿಸೋಣ ಅಂತ ಆಸೆ ಪಟ್ರೆ ಟಿಇಜಿನೇ ಒಡೆಯೋಕೆ ಶುರು. ಹೊಸ ಟಿಇಜಿ ನೀರಿನಷ್ಟೇ ತಿಳಿ, ಬಾಟಲಿ ಓರೆ ಮಾಡಿದ್ರೆ ಮಾತ್ರ ಅದರ ಮಂದ ಗೊತ್ತಾಗೋದು. ಕೆಟ್ಟಿದ್ದು ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತೆ, ಆಪರೇಟರ್ ಸ್ಯಾಂಪಲ್ ಎತ್ತಿ ಬೆಳಕಿಗೆ ಹಿಡಿದ್ರೆ ಲ್ಯಾಬ್ ರಿಪೋರ್ಟಿಗೆ ಮುಂಚೆನೇ ಅರ್ಧ ವಿಷಯ ಗೊತ್ತಾಗುತ್ತೆ.

ಪೈಪ್‌ಲೈನಿಗೆ ಇಷ್ಟು ಸಾಕು, ಹಡಗಿಗೆ ಸಾಲಲ್ಲ. ನಾರ್ವೆಯ ನಾರ್ದರ್ನ್ ಲೈಟ್ಸ್ ಪ್ರಾಜೆಕ್ಟಲ್ಲಿ 2025ರಲ್ಲಿ ಸಮುದ್ರದ ಕೆಳಗೆ ಇಳಿಸೋ ಕೆಲಸ ಶುರುವಾಯ್ತು. ಅಲ್ಲಿಗೆ ಗ್ಯಾಸನ್ನ ಹಡಗಲ್ಲಿ ಮೈನಸ್ 26 ಡಿಗ್ರಿ ಆಸುಪಾಸಿನ ದ್ರವವಾಗಿ ಸಾಗಿಸ್ತಾರೆ, 10 ಲಕ್ಷ ಅಣುಗಳಲ್ಲಿ ನೀರು 30ಕ್ಕಿಂತ ಜಾಸ್ತಿ ಇರಬಾರದು ಅನ್ನೋದು ಷರತ್ತು. ಅಷ್ಟು ಒಣಗಿಸೋಕೆ ಸಾಮಾನ್ಯವಾಗಿ ಮಾಲಿಕ್ಯುಲರ್ ಸೀವ್ ಅನ್ನೋ ಸಣ್ಣ ಸಣ್ಣ ರಂಧ್ರದ ಗುಂಡುಗಳನ್ನೇ ತುಂಬ್ತಾರೆ.