ಆಫೀಸ್ ಕಚೇರಿ ಮುಗಿಸಿ ಸಂಗೀತ ಕಚೇರಿಗೆ ಹೋಗೋಕೆ ಸಮಯ ಎಲ್ಲಿದೆ?

ಪ್ರಶ್ನೆ: ಪಿಯುಸಿವರೆಗೆ ವೀಣೆ ಕಲಿತೆ. ಆಮೇಲೆ ಇಂಜಿನಿಯರಿಂಗ್, ಕೆಲಸ, ಮದುವೆ, ಮಗು. ಈಗ ಮನೆ ಉತ್ತರಹಳ್ಳಿಯಲ್ಲಿ, ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ವೀಣೆ ಅಟ್ಟದ ಮೇಲಿದೆ. ಮುಟ್ಟಿ ಹನ್ನೆರಡು ವರ್ಷ ಆಯಿತು. ಕಚೇರಿಗೆ ಹೋಗಬೇಕು, ನಾಟಕ ನೋಡಬೇಕು, ಮತ್ತೆ ನುಡಿಸಬೇಕು ಅಂತ ಪ್ರತಿ ತಿಂಗಳೂ ಅಂದುಕೊಳ್ಳುತ್ತೇನೆ. ಸಂಜೆ ಮನೆ ಸೇರುವಷ್ಟರಲ್ಲಿ ಏನೂ ಬೇಡ ಅನ್ನಿಸುತ್ತದೆ. ಮೊಬೈಲ್ ನೋಡುತ್ತಾ ಹನ್ನೊಂದಾಗುತ್ತದೆ. ಇದಕ್ಕೆಲ್ಲ ಸಮಯ ಹೇಗೆ ಹೊಂದಿಸೋದು? ಅಥವಾ ಇನ್ನು ಬಿಟ್ಟುಬಿಡೋದೇ ಒಳ್ಳೇದಾ?

ಉತ್ತರ: ಬಿಡಬೇಡಿ.

ಈ ಪ್ರಶ್ನೆ ನನಗೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಒಬ್ಬರದು ಗಿಟಾರು, ಇನ್ನೊಬ್ಬರದು ಯಕ್ಷಗಾನ, ಮತ್ತೊಬ್ಬರದು ಒಣಗಿಹೋದ ಬಣ್ಣದ ಟ್ಯೂಬುಗಳು. ಕೊರಗು ಮಾತ್ರ ಒಂದೇ. ನಮ್ಮ ಭಾಷೆಯಲ್ಲಿ ಫೈಲು ನೋಡುವ ಜಾಗಕ್ಕೂ ಕಚೇರಿ ಅಂತೀವಿ, ಪಕ್ಕವಾದ್ಯ ಕೂರಿಸಿಕೊಂಡು ಹಾಡುವುದಕ್ಕೂ ಕಚೇರಿ ಅಂತೀವಿ. ಮೊದಲನೆಯದು ದಿನವನ್ನೆಲ್ಲ ತಿಂದುಬಿಟ್ಟರೆ ಎರಡನೆಯದಕ್ಕೆ ಏನು ಉಳಿಯಿತು ಅಂತ ನೀವು ಕೇಳುತ್ತಿದ್ದೀರಿ. ಏನೂ ಉಳಿಯುವುದಿಲ್ಲ. ಮಗು ದೊಡ್ಡದಾಗಲಿ, ಈ ಪ್ರಾಜೆಕ್ಟ್ ಮುಗಿಯಲಿ, ಆಮೇಲೆ ಅಂದುಕೊಂಡರೆ ಆಗಲೂ ಉಳಿಯುವುದಿಲ್ಲ.

ನಮ್ಮಜ್ಜಿ ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಿದ್ದರು. ಮುಷ್ಟಿ ಅಕ್ಕಿ. ತಿಂಗಳ ಕೊನೆಗೆ ಅದು ದೇವಸ್ಥಾನಕ್ಕೆ ಹೋಗುತ್ತಿತ್ತು. ಊಟ ಮುಗಿದ ಮೇಲೆ ಉಳಿದರೆ ಕೊಡೋಣ ಅಂತ ಅವರು ಯಾವತ್ತೂ ಕಾಯಲಿಲ್ಲ. ಅಕ್ಕಿ ತೊಳೆಯುವ ಮುಂಚೆಯೇ ತೆಗೆಯುತ್ತಿದ್ದರು. ನಾವು ಎಂಟು ಜನ ಉಣ್ಣುತ್ತಿದ್ದೆವು, ಆ ಒಂದು ಮುಷ್ಟಿಯಿಂದ ಯಾರಿಗೂ ಅನ್ನ ಕಮ್ಮಿ ಬಿದ್ದದ್ದು ನನಗೆ ನೆನಪಿಲ್ಲ. ನಿಮ್ಮ ವೀಣೆಗೂ ಸಮಯವನ್ನು ಹೀಗೇ ತೆಗೆಯಬೇಕು. ಚಿಕ್ಕದಾಗಿ, ದಿನಾ, ಮೊದಲೇ.

ಮೊದಲು ವೀಣೆಯನ್ನು ಅಟ್ಟದಿಂದ ಇಳಿಸಿ. ಇಳಿಸಿದ ತಕ್ಷಣ ನುಡಿಸಲು ಆಗುವುದಿಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಗೊತ್ತೇ ಇದೆ, ವೀಣೆಯಲ್ಲಿ ತಂತಿ ಒತ್ತಿ ಸ್ವರ ಹಿಡಿಯುವ 24 ಮೆಟ್ಟಿಲುಗಳನ್ನು ಕೂರಿಸಿರುವುದು ಮೇಣದಲ್ಲಿ. ಇಷ್ಟು ವರ್ಷದ ಬಿಸಿಲು, ಚಳಿಗೆ ಮೇಣ ಕುಗ್ಗಿರುತ್ತದೆ, ಬಿರುಕು ಬಿಟ್ಟಿರುತ್ತದೆ. ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ತಪ್ಪುತ್ತದೆ. ಏಳು ತಂತಿಗಳಿಗೂ ತುಕ್ಕು ಹಿಡಿದಿರಬಹುದು. ಹಾಗಾಗಿ ವೀಣೆ ರಿಪೇರಿ ಮಾಡುವವರ ಹತ್ತಿರ ಕೊಟ್ಟು ಮೇಳ, ಅಂದರೆ ಮೇಣದ ಮೇಲಿನ ಮೆಟ್ಟಿಲುಗಳ ಜೋಡಣೆ, ಸರಿ ಮಾಡಿಸಿ, ತಂತಿ ಬದಲಾಯಿಸಿ. ಎಷ್ಟೋ ಜನ ಇದನ್ನು ಮಾಡಿಸದೆ ಹಳೇ ವಾದ್ಯವನ್ನೇ ಹಿಡಿದು ಕೂರುತ್ತಾರೆ. ಅಪಸ್ವರ ಬಂದಾಗ ತಮ್ಮ ಕೈ ಹೋಯಿತು ಅಂದುಕೊಳ್ಳುತ್ತಾರೆ. ಕೈ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ವೀಣೆ ಮನೆಗೆ ಬಂದ ಮೇಲೆ ಮತ್ತೆ ಅಟ್ಟಕ್ಕೆ ಹೋಗಬಾರದು, ಮಂಚದ ಕೆಳಗೂ ಬೇಡ. ನೀವು ಓಡಾಡುವ ಕೋಣೆಯಲ್ಲೇ, ಚಾಪೆ ಹಾಸಿ, ಒಂದು ತೆಳು ಬಟ್ಟೆ ಮುಚ್ಚಿ ಇಡಿ. ಬಿಸಿಲು ಬೀಳದ ಮೂಲೆ ಆದರೆ ಸಾಕು. ದಣಿದು ಬಂದವರಿಗೆ ಏಣಿ ಹತ್ತಿ, ಧೂಳು ಒರೆಸಿ, ಜಾಗ ಮಾಡಿಕೊಂಡು ಕೂರುವ ಶಕ್ತಿ ಇರುವುದಿಲ್ಲ. ಮೊಬೈಲ್ ಗೆಲ್ಲುವುದು ಇದೇ ಕಾರಣಕ್ಕೆ, ಅದು ಕೈಯಲ್ಲೇ ಇರುತ್ತದೆ. ವೀಣೆಯೂ ಕೈಗೆ ಸಿಗುವ ದೂರದಲ್ಲಿರಲಿ.

ದಿನಕ್ಕೆ ಹದಿನೈದು ನಿಮಿಷ ಸಾಕು. ಭಾನುವಾರ ಎರಡು ಗಂಟೆ ಕೂರುತ್ತೇನೆ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಭಾನುವಾರ ನೆಂಟರು ಬರುತ್ತಾರೆ, ಗೃಹಪ್ರವೇಶ ಇರುತ್ತದೆ, ನೀರಿನ ಟ್ಯಾಂಕರ್ ಬರುತ್ತದೆ. ಇನ್ನೊಂದು ಕಾರಣ ನಿಮ್ಮ ಎಡಗೈಯಲ್ಲೇ ಇದೆ. ಹನ್ನೆರಡು ವರ್ಷದಲ್ಲಿ ಬೆರಳ ತುದಿಯ ಗಟ್ಟಿ ಚರ್ಮ ಮೆತ್ತಗಾಗಿದೆ. ಮೊದಲ ವಾರಗಳಲ್ಲಿ ತಂತಿ ಒತ್ತಿದರೆ ಉರಿಯುತ್ತದೆ. ಎರಡು ಗಂಟೆ ಎಳೆದರೆ ಬೆರಳು ಬೊಬ್ಬೆ ಬಂದು ಹತ್ತು ದಿನ ರಜೆ ಆಗುತ್ತದೆ. ಹದಿನೈದು ನಿಮಿಷದಂತೆ ದಿನಾ ನುಡಿಸಿದರೆ ಚರ್ಮ ತಾನಾಗಿ ಗಟ್ಟಿಯಾಗುತ್ತದೆ. ನೆನಪಿನ ವಿಷಯಕ್ಕೂ ಇದೇ ಒಳ್ಳೆಯದು. ಜರ್ಮನಿಯ ಹೆರ್ಮಾನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ನೆನಪಿತ್ತು, ಎಷ್ಟು ಮರೆಯಿತು ಅಂತ ಲೆಕ್ಕ ಇಟ್ಟು, 1885ರಲ್ಲಿ ಪ್ರಕಟಿಸಿದರು. ಒಂದೇ ಸಲ ಕೂತು ಉರು ಹೊಡೆಯುವುದಕ್ಕಿಂತ ಹಲವು ದಿನಗಳಿಗೆ ಹಂಚಿಕೊಂಡರೆ ಕಮ್ಮಿ ಶ್ರಮದಲ್ಲಿ ಜಾಸ್ತಿ ಉಳಿಯುತ್ತದೆ ಅಂತ ಅವರು ಕಂಡುಕೊಂಡರು. ದಿನಾ ಬೆಳಿಗ್ಗೆ ಸರಳೆ, ಜಂಟಿ ಅಂತ ಆರಂಭದ ಸ್ವರಪಾಠಗಳಿಗೆ ಕೂರಿಸುತ್ತಿದ್ದ ನಮ್ಮ ಮೇಷ್ಟ್ರುಗಳಿಗೆ ಇದು ಮೊದಲೇ ಗೊತ್ತಿತ್ತು.

ಯಾವ ಹದಿನೈದು ನಿಮಿಷ? ಅಕ್ಕಿ ತೊಳೆಯುವ ಮುಂಚಿನದು. ಅಂದರೆ ಮನೆಗೆ ಬಂದು, ಕೈಕಾಲು ತೊಳೆದು, ಮೊಬೈಲ್ ಕೈಗೆ ತೆಗೆದುಕೊಳ್ಳುವ ಮುಂಚೆ. ಸೋಫಾದಲ್ಲಿ ಒಮ್ಮೆ ಒರಗಿದರೆ ಕಥೆ ಮುಗಿಯಿತು. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ಏನಂತಾರೋ ಅನ್ನುವ ಚಿಂತೆ ಡ್ರಮ್ಸ್ ನುಡಿಸುವವರಿಗೆ ಇರಬೇಕು, ನಿಮಗೆ ಬೇಡ. ವೀಣೆಯಷ್ಟು ಮೆಲ್ಲಗೆ ಮಾತಾಡುವ ವಾದ್ಯಗಳು ಕಮ್ಮಿ. ಬಾಗಿಲು ಹಾಕಿಕೊಂಡರೆ ರಾತ್ರಿ ಒಂಬತ್ತೂವರೆಗೂ ನುಡಿಸಬಹುದು.

ಶುರುವಿನಲ್ಲೇ ನೀವು ಕೊನೆಯದಾಗಿ ಕಲಿತ ದೊಡ್ಡ ಕೃತಿಗೆ ಕೈ ಹಾಕಬೇಡಿ. ಮಾಯಾಮಾಳವಗೌಳದ ಸರಳೆ ವರಸೆಯಿಂದ ಶುರು ಮಾಡಿ. ಒಂದನೇ ಕಾಲದ ನಿಧಾನ ವೇಗ, ಎರಡನೇ ಕಾಲದ ಇಮ್ಮಡಿ ವೇಗ, ಅಷ್ಟೇ. ಇದು ಮಕ್ಕಳ ಪಾಠ ಅಂತ ಸಂಕೋಚ ಆಗಬಹುದು. ಪುರಂದರದಾಸರು ಹಾಕಿಕೊಟ್ಟರು ಅಂತ ನಾವೆಲ್ಲ ನಂಬಿಕೊಂಡು ಬಂದ ಪಾಠ ಅದು. ದೊಡ್ಡ ವಿದ್ವಾಂಸರೂ ಸಾಧಕಕ್ಕೆ ಕೂತಾಗ ಅಲ್ಲಿಗೇ ಹೋಗುತ್ತಾರೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ, ನೀವು ಅದನ್ನು ಮಾಡಬೇಡಿ. ಮೂವತ್ತೆಂಟನೇ ವಯಸ್ಸಿನಲ್ಲಿ ಮತ್ತೆ ಹಾಡು ಕಲಿಯಬೇಕು ಅನ್ನಿಸಿ, ಊರಿನ ಆ ತುದಿಯ ಒಂದು ಒಳ್ಳೆಯ ಕ್ಲಾಸಿಗೆ ಸೇರಿದೆ. ವರ್ಷದ ಫೀಸು ಒಟ್ಟಿಗೇ ಕಟ್ಟಿದೆ. ಶನಿವಾರ ಸಂಜೆ ಹೋಗಲು ಒಂದೂಕಾಲು ಗಂಟೆ, ಬರಲು ಒಂದೂವರೆ ಗಂಟೆ, ಪಾಠ ನಲವತ್ತು ನಿಮಿಷ. ಮೂರನೇ ತಿಂಗಳಿಗೆ ಬಿಟ್ಟೆ. ದುಡ್ಡು ವಾಪಸ್ ಬರಲಿಲ್ಲ. ದುಡ್ಡಿಗಿಂತ ಜಾಸ್ತಿ ನೋವಾದದ್ದು, ನನಗೆ ಸಂಗೀತದ ಮೇಲೆ ಆಸೆಯೇ ಇಲ್ಲವೇನೋ ಅಂತ ಅನುಮಾನ ಬಂದದ್ದು. ಆಸೆ ಇತ್ತು. ರಸ್ತೆ ಅದನ್ನು ತಿಂದಿತ್ತು. ಎರಡು ವರ್ಷ ಆದ ಮೇಲೆ ನಮ್ಮ ಬೀದಿಯ ಹಿಂದಿನ ಬೀದಿಯಲ್ಲಿ, ಮನೆಯಲ್ಲೇ ಪಾಠ ಹೇಳುವ ಒಬ್ಬ ಹಿರಿಯರು ಸಿಕ್ಕಿದರು. ನಡೆದು ಹೋದರೆ ಆರು ನಿಮಿಷ. ಅಲ್ಲಿ ನಿಂತೆ. ಬೆಂಗಳೂರಿನಲ್ಲಿ ಹವ್ಯಾಸ ಉಳಿಯಬೇಕಾದರೆ ಮೇಷ್ಟ್ರ ಹೆಸರಿಗಿಂತ ಮೊದಲು ಮೇಷ್ಟ್ರ ವಿಳಾಸ ನೋಡಬೇಕು ಅಂತ ನನಗೆ ಆಗ ಅರ್ಥವಾಯಿತು.

ಕೇಳುವುದಕ್ಕೂ ಇದೇ ಲೆಕ್ಕ. ವಾರದ ದಿನ ಸಂಜೆ ಆರೂವರೆಗೆ ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನದಲ್ಲಿ ಕಚೇರಿ ಇದ್ದರೆ ಎಲೆಕ್ಟ್ರಾನಿಕ್ ಸಿಟಿಯಿಂದ ನೀವು ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ. ಅಂಥ ಕಚೇರಿಗಳನ್ನು ವಾರದ ಕೊನೆಗೆ ಇಟ್ಟುಕೊಳ್ಳಿ. ಪಿಟೀಲಿನ ಆಕಾರದಲ್ಲೇ ಕಟ್ಟಿದ ಆ ಭವನವನ್ನು ಮಗುವಿಗೂ ತೋರಿಸಿದ ಹಾಗಾಗುತ್ತದೆ. ಹಿಂದಿನ ಸಾಲಿನವರಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಕಟ್ಟಿಕೊಂಡ ಟಿ. ಚೌಡಯ್ಯನವರ ಕಥೆ ಹೇಳಿ, ಮಕ್ಕಳಿಗೆ ಅದು ತುಂಬಾ ಹಿಡಿಸುತ್ತದೆ.

ವಾರದ ದಿನ ನಿಮಗೆ ಆಗಿಬರುವುದು ಬೇರೆ ಕಡೆ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ನಿಮ್ಮ ಆಫೀಸಿನ ಕಡೆಯಿಂದ ಆರ್.ವಿ. ರಸ್ತೆಗೆ ನೇರ ರೈಲಿದೆ. ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಜಯನಗರ, ಸೌತ್ ಎಂಡ್, ಲಾಲ್‌ಬಾಗ್, ಆಮೇಲೆ ನ್ಯಾಷನಲ್ ಕಾಲೇಜು. ಕೃಷ್ಣರಾಜೇಂದ್ರ ರಸ್ತೆಯ ಬೆಂಗಳೂರು ಗಾಯನ ಸಮಾಜ ಅಲ್ಲಿಂದ ಹತ್ತಿರ. 1905ರಲ್ಲಿ ಹುಟ್ಟಿದ ಸಭೆ ಅದು, ನಮ್ಮ ಮುತ್ತಜ್ಜಂದಿರ ಕಾಲದ್ದು. ಬಸವನಗುಡಿಯ ಬಿ.ಪಿ. ವಾಡಿಯ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲೂ ಸಂಜೆಯ ಕಾರ್ಯಕ್ರಮಗಳು ನಡೆಯುತ್ತವೆ. ಇನ್ನೊಂದು ನಿಲ್ದಾಣ ಮುಂದೆ ಹೋದರೆ ಕೆ.ಆರ್. ಮಾರ್ಕೆಟ್. ಅಲ್ಲಿಗೆ ಹತ್ತಿರದ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ನಡೆಯುತ್ತದೆ. 1939ರಲ್ಲಿ ಶುರುವಾದದ್ದು. ಬೇಸಿಗೆಯ ಸಂಜೆ, ಪೆಂಡಾಲಿನ ಕೆಳಗೆ, ಫ್ಯಾನಿನ ಗಾಳಿಯಲ್ಲಿ ಕೂತು ಕಲ್ಯಾಣಿಯೋ ತೋಡಿಯೋ ಕೇಳುವ ಸುಖ ಯಾವ ಏಸಿ ಹಾಲಿನಲ್ಲೂ ನನಗೆ ಸಿಕ್ಕಿಲ್ಲ. ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಬಾರದು ಅನ್ನುವ ನಿಯಮ ಇರುವುದರಿಂದ ಸಾಮಾನ್ಯವಾಗಿ ಅಷ್ಟರೊಳಗೆ ಮಂಗಳ ಹಾಡುತ್ತಾರೆ. ಮರುದಿನ ಆಫೀಸು ಇರುವವರಿಗೆ ಇದರಿಂದ ಅನುಕೂಲವೇ.

ಇನ್ನೊಂದು ಮಾತು. ಮೂರು ಗಂಟೆಯ ಕಚೇರಿಯನ್ನು ಪೂರ್ತಿ ಕೇಳಲೇಬೇಕು ಅಂತ ಹಟ ಬೇಡ. ಪೂರ್ತಿ ಆಗುವುದಿಲ್ಲ ಅಂತ ಹೋಗದೇ ಇರುವವರೇ ಜಾಸ್ತಿ. ಒಂದು ಗಂಟೆ ಕೇಳಿ ಎದ್ದು ಬನ್ನಿ. ಅಂಚಿನ ಕುರ್ಚಿ ಹಿಡಿಯಿರಿ. ಒಂದು ಕೃತಿ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಏಳಿ. ತಡವಾಗಿ ಬಂದು ಕೊನೆಯವರೆಗೆ ಕೂತರೂ ಸರಿ, ದೇವರನಾಮಗಳು ಸಿಗುವುದು ಆಗಲೇ. ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ ಶುರುವಾದಾಗ ಮಾತ್ರ ದಯವಿಟ್ಟು ಏಳಬೇಡಿ. ಗಾಯಕರು ಹಾಡು ನಿಲ್ಲಿಸಿದ ತಕ್ಷಣ ಕಾಫಿಗೆ ಹೊರಡುವ ಸಾಲು ನೋಡಿದಾಗ ನನಗೆ ಸಂಕಟ ಆಗುತ್ತದೆ. ಒಂದೂವರೆ ಗಂಟೆ ಜೊತೆಗೆ ನಡೆದುಬಂದ ಮೃದಂಗದವರಿಗೆ, ಘಟದವರಿಗೆ ಅವರ ಕೈಚಳಕ ತೋರಿಸಲು ಸಿಗುವುದು ಅದೊಂದೇ ಹೊತ್ತು.

ನಾಟಕಕ್ಕೆ ಈ ಸಡಿಲ ಇಲ್ಲ. ಜೆ.ಪಿ. ನಗರದ ರಂಗಶಂಕರ ನಿಮ್ಮ ಮನೆಯಿಂದ ದೂರವಿಲ್ಲ. 2004ರಲ್ಲಿ ಶುರುವಾದಾಗಿನಿಂದ ಅಲ್ಲಿ ಒಂದು ಶಿಸ್ತು ಇದೆ. ಏಳೂವರೆ ಅಂದರೆ ಏಳೂವರೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಆ ಶಿಸ್ತು ನನಗೆ ಇಷ್ಟ. ಟಿಕೆಟ್ ಕೈಯಲ್ಲಿದ್ದರೆ ಆರು ಗಂಟೆಯ ಮೀಟಿಂಗನ್ನು ನೀವೇ ನಾಳೆಗೆ ಹಾಕುತ್ತೀರಿ. ತಿಂಗಳಿಗೆ ಒಂದೇ ಒಂದು ಕಾರ್ಯಕ್ರಮ ಆರಿಸಿ, ಮೊದಲೇ ಟಿಕೆಟ್ ತೆಗೆದು, ಸಾಧ್ಯವಾದರೆ ಒಬ್ಬ ಗೆಳತಿಯನ್ನೂ ಒಪ್ಪಿಸಿಬಿಡಿ. ನಮ್ಮ ಮಾತನ್ನು ನಾವೇ ಮುರಿಯುವುದು ಸುಲಭ. ಬಾಗಿಲ ಹತ್ತಿರ ನಿಂತು ಕಾಯುವವರು ಇದ್ದರೆ ಅಷ್ಟು ಸುಲಭವಲ್ಲ.

ಎಲ್ಲವೂ ಬೇಕು ಅನ್ನಿಸುವುದೂ ಒಂದು ಕಷ್ಟ. ವೀಣೆ, ನಾಟಕ, ಚಿತ್ರ, ಚಾರಣ, ಓದು. ಬೆಂಗಳೂರಿನವರಿಗೆ ಅವರೆಕಾಯಿ ಅಂದರೆ ಪ್ರಾಣ, ಆದರೆ ವರ್ಷವಿಡೀ ಸಿಗಲಿ ಅಂತ ಯಾರೂ ಹಟ ಮಾಡುವುದಿಲ್ಲ. ಕಾಲ ಬಂದಾಗ ಉಪ್ಪಿಟ್ಟಿಗೂ ಅವರೆ, ಸಾರಿಗೂ ಅವರೆ. ಆಸೆಗಳನ್ನೂ ಹೀಗೆ ಕಾಲಕ್ಕೆ ಬಿಟ್ಟುಕೊಡಬಹುದು. ಜನವರಿಯಲ್ಲಿ ಚಿತ್ರಸಂತೆ ಬಂದಾಗ ಕುಮಾರಕೃಪಾ ರಸ್ತೆಯಲ್ಲಿ ಒಂದು ಭಾನುವಾರ ಪೂರ್ತಿ ಕಳೆಯಿರಿ. ಮಾರ್ಚ್, ಏಪ್ರಿಲ್ ಸಂಗೀತಕ್ಕೆ. ಮಳೆಗಾಲ ಓದಿಗೆ, ನಾಟಕಕ್ಕೆ. ವೀಣೆಯ ಹದಿನೈದು ನಿಮಿಷ ಮಾತ್ರ ಎಲ್ಲ ಕಾಲಕ್ಕೂ. ಉಳಿದವು ಆ ತಿಂಗಳು ಆಗದಿದ್ದರೆ ಆಗಲಿಲ್ಲ, ಬಿಡಿ.

ಮನೆಯವರ ಹತ್ತಿರ ಇದನ್ನು ನೇರವಾಗಿ ಹೇಳಿ. ಸುಮ್ನೆ ನುಡಿಸುತ್ತಿದ್ದಾಳೆ ಅಂದುಕೊಂಡರೆ ಆ ಹದಿನೈದು ನಿಮಿಷದಲ್ಲೇ ಕುಕ್ಕರ್ ಆಫ್ ಮಾಡು ಅಂತ ಕರೆಯುತ್ತಾರೆ. ಅವರಿಗೂ ಅಂಥದ್ದೊಂದು ಹೊತ್ತು ಬಿಟ್ಟುಕೊಡಿ. ಕ್ರಿಕೆಟ್ಟೋ ಸೈಕಲ್ಲೋ, ಅವರಿಗೂ ಏನಾದರೂ ಬಿಟ್ಟುಹೋದದ್ದು ಇದ್ದೇ ಇರುತ್ತದೆ, ಅಲ್ವಾ?

ನುಡಿಸಿದ್ದನ್ನು ರೀಲ್ ಮಾಡಬೇಕು, ನಿಂತುಹೋದ ಪರೀಕ್ಷೆ ಮುಗಿಸಬೇಕು, ಮುಂದಿನ ಗಣೇಶೋತ್ಸವಕ್ಕೆ ವೇದಿಕೆ ಹತ್ತಬೇಕು ಅಂತ ಯಾರಾದರೂ ಈಗಲೇ ಹೇಳಲು ಶುರು ಮಾಡುತ್ತಾರೆ. ಒಂದು ವರ್ಷ ಯಾವುದಕ್ಕೂ ಒಪ್ಪಬೇಡಿ. ದಿನವಿಡೀ ಆಫೀಸಿನಲ್ಲಿ ಗುರಿ, ಅಂಕ, ರಿವ್ಯೂ ನೋಡಿ ಬಂದವರು ವೀಣೆಯ ಮುಂದೂ ಅದನ್ನೇ ಹರಡಿಕೊಂಡರೆ ಅದೂ ಇನ್ನೊಂದು ಶಿಫ್ಟ್ ಆಗಿಬಿಡುತ್ತದೆ. ತಪ್ಪು ನುಡಿಸಲು ನಿಮಗೆ ಒಂದು ಜಾಗ ಬೇಕು.

ಕೇಳುವವರು ಒಬ್ಬರು ಹೇಗೂ ಇರುತ್ತಾರೆ. ಮಗು ಬಂದು ಪಕ್ಕದಲ್ಲಿ ಕೂರುತ್ತದೆ, ತಾಳದ ತಂತಿ ಮೀಟಲು ಬೆರಳು ಚಾಚುತ್ತದೆ. ಹೋಗು ಅನ್ನಬೇಡಿ. ಮೂರು ತಾಳದ ತಂತಿಗಳನ್ನು ಅದಕ್ಕೇ ಕೊಟ್ಟುಬಿಡಿ, ಸ್ವರ ನುಡಿಸುವ ಮುಖ್ಯ ತಂತಿ ಸಾರಣಿಯನ್ನು ನೀವು ಇಟ್ಟುಕೊಳ್ಳಿ. ಈ ಶನಿವಾರ ಏಣಿ ಹಾಕಿ ವೀಣೆ ಇಳಿಸಿ. ಬಟ್ಟೆ ಬಿಚ್ಚಿದಾಗ ಎಷ್ಟು ತಂತಿ ಉಳಿದಿದ್ದವು ಅಂತ ನನಗೂ ಒಂದು ಸಾಲು ಬರೆಯಿರಿ.