ಗೋಧಿ ಬಿಡಲೇ, ಮತ್ತೊಮ್ಮೆ ಪರೀಕ್ಷೆ ಮಾಡಿಸಲೇ?

ಪ್ರಶ್ನೆ: ನಾನು ಅಂಕೋಲಾದವಳು, ವಯಸ್ಸು 36. ಎರಡು ವರ್ಷದಿಂದ ರಕ್ತಹೀನತೆ. ಕಬ್ಬಿಣದ ಮಾತ್ರೆ ನುಂಗುವಷ್ಟು ದಿನ ಹಿಮೋಗ್ಲೋಬಿನ್ ಏರುತ್ತದೆ, ನಿಲ್ಲಿಸಿದರೆ ಮತ್ತೆ ಇಳಿಯುತ್ತದೆ. ಹೊಟ್ಟೆ ಉಬ್ಬರ, ಆಗಾಗ ಭೇದಿ. ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರಬಹುದೆಂದು ಟಿಟಿಜಿ-ಐಜಿಎ ಎಂಬ ಪ್ರತಿಕಾಯದ ರಕ್ತಪರೀಕ್ಷೆ ಮಾಡಿಸಿದರು. ಮಿತಿಗಿಂತ ಸ್ವಲ್ಪ ಹೆಚ್ಚು ಬಂತು. ಆಮೇಲೆ ಎಂಡೋಸ್ಕೋಪಿ ಆಯಿತು. ಬಯಾಪ್ಸಿ ವರದಿಯಲ್ಲಿ ‘ಮಾರ್ಷ್ 1, ಖಚಿತವಾಗಿ ಹೇಳಲಾಗದು’ ಎಂದಿದೆ. ಪರೀಕ್ಷೆಗೆ ಮುಂಚೆ ಒಂದೂವರೆ ತಿಂಗಳು ಪಾವ್, ಚಪಾತಿ ಕಡಿಮೆ ಮಾಡಿದ್ದೆ. ಒಬ್ಬರು ಗೋಧಿ ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಏನೂ ಇಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹೇಗೂ ಎರಡು ಹೊತ್ತು ಅನ್ನ. ಬಿಟ್ಟೇಬಿಡಲೇ?

ಉತ್ತರ: ಈಗಲೇ ಬಿಡಬೇಡಿ. ಕರಾವಳಿಯವರು ಇದೇ ಪ್ರಶ್ನೆಯನ್ನು ನನಗೆ ಮತ್ತೆ ಮತ್ತೆ ಕೇಳಿದ್ದಾರೆ. ಅನ್ನ ಉಣ್ಣುವ ಮನೆಯಲ್ಲಿ ಗೋಧಿ ಬಿಡುವುದು ಸುಲಭ ಎನ್ನುವುದೇ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ.

ಸೀಲಿಯಾಕ್‌ನ ಪರೀಕ್ಷೆಗಳು ನೇರವಾಗಿ ಕಾಯಿಲೆಯನ್ನು ಹಿಡಿಯುವುದಿಲ್ಲ. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗ ದೇಹ ತನ್ನ ಕರುಳಿನ ಮೇಲೆಯೇ ಹರಿಹಾಯುತ್ತದಲ್ಲ, ಆ ಜಗಳದ ಗುರುತನ್ನು ಅವು ಹುಡುಕುತ್ತವೆ. ರಕ್ತದಲ್ಲಿ ಪ್ರತಿಕಾಯಗಳು, ಸಣ್ಣ ಕರುಳಿನ ಒಳಪದರದಲ್ಲಿ ಸವೆದ ಎಳೆಗಳು (ಆಹಾರ ಹೀರುವ, ಬೆರಳಿನಂಥ ಸಣ್ಣ ಚಾಚುಗಳು). ಗೋಧಿ ನಿಲ್ಲಿಸಿದರೆ ಜಗಳ ನಿಲ್ಲುತ್ತದೆ, ಗುರುತು ಮಾಸುತ್ತದೆ. ಆಮೇಲೆ ಎಷ್ಟು ಒಳ್ಳೆಯ ಪ್ರಯೋಗಾಲಯಕ್ಕೆ ಹೋದರೂ ‘ಇಲ್ಲ’ ಎಂದೇ ಬರಬಹುದು.

ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಟಿಟಿಜಿಯ ಅಂಕಿಯಲ್ಲ, ಆ ಒಂದೂವರೆ ತಿಂಗಳು. ಕಡಿಮೆ ಮಾಡುವುದಕ್ಕೆ ಮುಂಚೆಯೂ ನೀವು ಎಷ್ಟು ಗೋಧಿ ತಿನ್ನುತ್ತಿದ್ದಿರಿ? ಬೆಳಿಗ್ಗೆ ದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು ಸಾರು, ರಾತ್ರಿ ಮತ್ತೆ ಅನ್ನ. ವಾರಕ್ಕೊಮ್ಮೆ ಬನ್ಸ್, ಯಾವಾಗಲೋ ಒಂದು ಪಾವ್. 2016ರಲ್ಲಿ ಪ್ರಕಟವಾದ ಭಾರತದ ಒಂದು ದೊಡ್ಡ ಅಧ್ಯಯನ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿತು. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದುದು 25 ಗ್ರಾಂ. ಪ್ರತಿಕಾಯಗಳು ಉತ್ತರದಲ್ಲಿ ನೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಕಂಡವು, ದಕ್ಷಿಣದಲ್ಲಿ ಸಾವಿರದಲ್ಲಿ ಒಬ್ಬರಲ್ಲಿ. ಇದಕ್ಕೆ ಎರಡು ಅರ್ಥಗಳಿವೆ, ಎರಡೂ ನಿಮಗೆ ಬೇಕು. ನಮ್ಮ ಕಡೆ ಈ ಕಾಯಿಲೆ ಅಪರೂಪ, ಹಾಗಾಗಿ ಬೇರೆ ಕಾರಣಗಳನ್ನು ಮೊದಲು ಹುಡುಕಬೇಕು. ಇನ್ನೊಂದು, 25 ಗ್ರಾಂ ಗೋಧಿ ತಿನ್ನುವವರ ಕರುಳನ್ನು ದಿನವೂ ಚಪಾತಿ ತಿನ್ನುವವರ ಅಳತೆಗೋಲಿನಿಂದ ಅಳೆದರೆ ಉತ್ತರ ಮಸುಕಾಗಿಯೇ ಬರುತ್ತದೆ.

ಈಗ ಬಯಾಪ್ಸಿ. ಮಾರ್ಷ್ 1 ಎಂದರೆ ಎಳೆಗಳು ಉದ್ದವಾಗಿಯೇ ಇವೆ, ಆದರೆ ಒಳಪದರದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಹೆಚ್ಚಾಗಿವೆ. ಇದು ಸೀಲಿಯಾಕ್‌ನ ಆರಂಭವಿರಬಹುದು. ಜಠರದ ಎಚ್ ಪೈಲೋರಿ ಬ್ಯಾಕ್ಟೀರಿಯಾ ಸೋಂಕು, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ, ಮಂಡಿನೋವಿಗೆ ದಿನವೂ ನುಂಗುವ ಬ್ರೂಫೆನ್‌ನಂಥ ನೋವಿನ ಮಾತ್ರೆ, ಇವುಗಳಿಂದಲೂ ಹೀಗೆಯೇ ಕಾಣುತ್ತದೆ. ನಿಮ್ಮ ರಕ್ತಹೀನತೆಗೆ ಕೊಕ್ಕೆಹುಳು, ಹೆಚ್ಚಿನ ಮುಟ್ಟಿನ ಸ್ರಾವ ಕಾರಣವಲ್ಲವೆಂದು ಯಾರಾದರೂ ನೋಡಿದ್ದಾರೆಯೇ? ಮಲಪರೀಕ್ಷೆ ದುಬಾರಿಯಲ್ಲ, ತಾಲ್ಲೂಕಿನಲ್ಲೇ ಆಗುತ್ತದೆ. ಬಯಾಪ್ಸಿಗೆ ಎಷ್ಟು ಚೂರು ತೆಗೆದಿದ್ದಾರೆ ಎಂಬುದನ್ನೂ ವರದಿಯಲ್ಲಿ ನೋಡಿ. ಕಾಯಿಲೆ ಕರುಳಿನಲ್ಲಿ ಅಲ್ಲಲ್ಲಿ ತೇಪೆ ತೇಪೆಯಾಗಿ ಇರುತ್ತದೆ. ಅದಕ್ಕಾಗಿ ಸಣ್ಣ ಕರುಳಿನ ಆರಂಭದ ಭಾಗದಿಂದ ಕನಿಷ್ಠ ನಾಲ್ಕು, ಅದರ ಬಾಯಲ್ಲೇ ಇರುವ ಉಬ್ಬಿನಿಂದ ಒಂದೆರಡು ಚೂರು ಬೇಕು. ಎರಡೇ ಚೂರು ತೆಗೆದಿದ್ದರೆ ‘ಖಚಿತವಿಲ್ಲ’ ಎನ್ನುವುದು ಆಶ್ಚರ್ಯವಲ್ಲ. ಚೂರುಗಳು ಸಾಕಷ್ಟಿದ್ದರೆ ಮತ್ತೆ ಎಂಡೋಸ್ಕೋಪಿಗೆ ಒಡ್ಡಿಕೊಳ್ಳುವ ಮುನ್ನ ಆ ಸ್ಲೈಡುಗಳನ್ನೇ ಕೇಳಿ ಪಡೆದು, ಕರುಳಿನ ಬಯಾಪ್ಸಿ ನೋಡಿ ಅನುಭವವಿರುವ ಇನ್ನೊಬ್ಬ ರೋಗಶಾಸ್ತ್ರಜ್ಞರಿಗೆ ತೋರಿಸಬಹುದು. ಕಾರವಾರದಿಂದ ಗೋವಾ, ಶಿರಸಿಯಿಂದ ಹುಬ್ಬಳ್ಳಿ, ಭಟ್ಕಳದಿಂದ ಮಂಗಳೂರು ಎಂದು ಅಲೆಯುವ ನಮಗೆ ಸ್ಲೈಡಿನ ಡಬ್ಬಿ ಪ್ರಯಾಣ ಮಾಡುವುದು ಮನುಷ್ಯ ಪ್ರಯಾಣ ಮಾಡುವುದಕ್ಕಿಂತ ಒಳ್ಳೆಯದು.

ಒಟ್ಟು ಐಜಿಎ ಎಂಬ ಪರೀಕ್ಷೆ ಆಗಿದೆಯೇ, ಅದನ್ನೂ ಹುಡುಕಿ. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಎರಡು ಮೂರು ಜನರ ದೇಹದಲ್ಲಿ ಐಜಿಎ ಪ್ರತಿಕಾಯವೇ ಸರಿಯಾಗಿ ತಯಾರಾಗುವುದಿಲ್ಲ. ಅಂಥವರಿಗೆ ಟಿಟಿಜಿ-ಐಜಿಎ ಮಾಡಿದರೆ ಏನೂ ಇಲ್ಲವೆಂದೇ ಬರುತ್ತದೆ. ಅವರಿಗೆ ಐಜಿಜಿ ಎಂಬ ಬೇರೆ ಬಗೆಯ ಪ್ರತಿಕಾಯದ ಆಧಾರದ ಪರೀಕ್ಷೆ ಬೇಕು. ನನ್ನ ಅಕ್ಕನ ಮಗನಿಗೆ ಇದೇ ಆಯಿತು. ಟಿಟಿಜಿ ಇಲ್ಲವೆಂದು ಬಂದ ವರದಿಯನ್ನು ನಂಬಿ ಎರಡು ವರ್ಷ ಹುಡುಗನಿಗೆ ಬರೀ ಟಾನಿಕ್ ಕುಡಿಸಿದೆವು. ಅವನ ಎತ್ತರ ಅಲ್ಲೇ ನಿಂತಿತ್ತು. ಆ ಎರಡು ವರ್ಷ ನೆನೆದರೆ ಈಗಲೂ ಸಂಕಟವಾಗುತ್ತದೆ. ನಿಮಗೆ ಟಿಟಿಜಿ ಸ್ವಲ್ಪವಾದರೂ ಏರಿದೆ, ಹಾಗಾಗಿ ಐಜಿಎ ಪೂರ್ತಿ ಇಲ್ಲದಿರುವ ಸಾಧ್ಯತೆ ಕಡಿಮೆ. ಆದರೂ ಒಮ್ಮೆ ನೋಡಿಸಿ, ಜೊತೆಗೆ ಇಎಂಎ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆಯನ್ನೂ ಕೇಳಿ. ಟಿಟಿಜಿ ಸ್ವಲ್ಪವೇ ಏರಿದವರಲ್ಲಿ ಇಎಂಎ ಇದೆಯೋ ಇಲ್ಲವೋ ಎಂಬುದಕ್ಕೆ ಬಹಳ ತೂಕವಿದೆ.

ಇಷ್ಟರ ನಡುವೆ ಗೋಧಿ ತಿಂದಿರಲಿ, ಬಿಟ್ಟಿರಲಿ, ಉತ್ತರ ಬದಲಾಗದ ಪರೀಕ್ಷೆ ಒಂದಿದೆ: ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ವಂಶವಾಹಿಗಳ ಪರೀಕ್ಷೆ. ಇವೆರಡೂ ಇಲ್ಲದಿದ್ದರೆ ಸೀಲಿಯಾಕ್ ಇಲ್ಲವೆಂದೇ ಬಹುಮಟ್ಟಿಗೆ ಹೇಳಬಹುದು, ನೀವು ಬೇರೆ ದಾರಿ ಹಿಡಿಯಬಹುದು. ಇವೆ ಎಂದು ಬಂದರೆ ಹೆದರಬೇಡಿ. ಮೂರರಲ್ಲಿ ಒಬ್ಬರಿಗೆ ಅಥವಾ ಇನ್ನೂ ಹೆಚ್ಚು ಜನರಿಗೆ ಇವು ಇರುತ್ತವೆ, ಅವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಎಂದೂ ಬರುವುದಿಲ್ಲ. ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಮೊದಲು ದುಡ್ಡು ಹಾಕುವುದು ಇದಕ್ಕೇ.

ವಂಶವಾಹಿ ಇದೆ ಎಂದು ಬಂದರೆ ಉಳಿಯುವುದು ಗೋಧಿ ತಿಂದು ಮರುಪರೀಕ್ಷೆ. ವೈದ್ಯರ ಒಪ್ಪಿಗೆಯೊಂದಿಗೆ ಆರರಿಂದ ಎಂಟು ವಾರ ದಿನವೂ ಗೋಧಿ ತಿನ್ನಬೇಕು. ಒಂದು ಸಾಧಾರಣ ಚಪಾತಿಯಲ್ಲಿ ಹೆಚ್ಚುಕಡಿಮೆ 3 ಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ ಎರಡು ಚಪಾತಿ, ಆಗುವುದಾದರೆ ಮೂರು. ಒಂದು ದಿನ ಐದು ತಿಂದು ನಾಲ್ಕು ದಿನ ಬಿಡುವುದಲ್ಲ, ತಪ್ಪದೆ ದಿನವೂ. ಉಬ್ಬರ, ಭೇದಿ ಹೆಚ್ಚಾಗಬಹುದು, ಸುಸ್ತಾಗಬಹುದು. ಮನೆಯವರಿಗೆ ಮೊದಲೇ ಹೇಳಿಡಿ. ತಡೆಯಲಾರದಷ್ಟಾದರೆ ನಿಲ್ಲಿಸುವ ಬದಲು ವೈದ್ಯರಿಗೆ ಫೋನ್ ಮಾಡಿ, ಪರೀಕ್ಷೆಯನ್ನು ಬೇಗ ಮಾಡಿಸಬಹುದು. ಗರ್ಭಿಣಿಯರು ಇದನ್ನು ಮಾಡಬಾರದು. ಐದು ವರ್ಷದೊಳಗಿನ ಮಕ್ಕಳಿಗೂ, ಬೆಳೆಯುವ ಭರದಲ್ಲಿರುವ ಹರೆಯದವರಿಗೂ ಸಾಮಾನ್ಯವಾಗಿ ಮಾಡಿಸುವುದಿಲ್ಲ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಎಂಟು ವಾರ ಕಾಯುತ್ತಾ ಕೂರಬೇಡಿ.

‘ಇಷ್ಟೆಲ್ಲ ಯಾಕೆ, ಬಿಟ್ಟು ಆರಾಮವಾದರೆ ಸಾಲದೇ’ ಎಂದು ನಿಮ್ಮ ಅತ್ತೆಯವರೋ ಅಮ್ಮನೋ ಕೇಳಬಹುದು. ಆರಾಮವಾಗುವುದಕ್ಕೆ ಸೀಲಿಯಾಕ್ ಇರಲೇಬೇಕೆಂದಿಲ್ಲ. ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆಯಂಥ ಅಂಶ ಬಹಳ ಜನರಿಗೆ ಉಬ್ಬರ ತರುತ್ತದೆ, ಅವರಿಗೆ ಗೋಧಿ ಕಡಿಮೆ ಮಾಡಿದರೂ ಸಾಕು. ಸೀಲಿಯಾಕ್ ಆದರೆ ಕಡಿಮೆ ಮಾಡಿದರೆ ಸಾಲದು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್, ಅಂದರೆ ಬ್ರೆಡ್ಡಿನ ಒಂದು ಚಿಕ್ಕ ತುಣುಕಿನಷ್ಟು, ಮೂರು ತಿಂಗಳು ಹೋದರೂ ಕರುಳಿಗೆ ಪೆಟ್ಟು ಎಂದು ಅಧ್ಯಯನದಲ್ಲಿ ಕಂಡಿದೆ. ಹೆಸರಿಲ್ಲದ ಪಥ್ಯವನ್ನು ಅಷ್ಟು ನಿಷ್ಠೆಯಿಂದ ಯಾರೂ ಪಾಲಿಸುವುದಿಲ್ಲ. ತೇರಿನ ದಿನ ಹೋಳಿಗೆ, ಮದುವೆಯಲ್ಲಿ ಪೂರಿ ಬಂದೇ ಬರುತ್ತದೆ. ಸೀಲಿಯಾಕ್ ಇದ್ದವರು ಮೂಳೆಯ ಸಾಂದ್ರತೆ, ಥೈರಾಯ್ಡ್ ನೋಡಿಸಬೇಕು, ಅದೂ ತಪ್ಪಿಹೋಗುತ್ತದೆ. ಸೀಲಿಯಾಕ್ ಎಂದಾದರೆ ನಿಮ್ಮ ಮಕ್ಕಳು, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಬೇಕಾಗುತ್ತದೆ. ಹೆಸರೇ ಇಲ್ಲದಿದ್ದರೆ ಅವರಿಗೆ ಹೇಳುವುದಾದರೂ ಏನನ್ನು?

ಎಲ್ಲ ಮುಗಿದ ಮೇಲೂ ಪ್ರತಿಕಾಯ ಇದೆ, ಕರುಳು ಸರಿಯಿದೆ ಎಂದು ಬರುವುದುಂಟು. ಆಗ ನಿಮ್ಮ ರಕ್ತಹೀನತೆಗೆ ಬೇರೆ ಕಾರಣ ಸಿಕ್ಕದಿದ್ದರೆ ಪಥ್ಯ ಆರಂಭಿಸೋಣ ಎಂದು ವೈದ್ಯರು ಹೇಳಬಹುದು, ಆರು ತಿಂಗಳ ನಂತರ ಮತ್ತೆ ನೋಡೋಣ ಎಂದೂ ಹೇಳಬಹುದು. ಎರಡೂ ಸರಿಯಾದ ದಾರಿಗಳೇ. ಮರುಪರೀಕ್ಷೆಯನ್ನು ಅದೇ ಪ್ರಯೋಗಾಲಯದಲ್ಲಿ ಮಾಡಿಸಿ, ಒಂದೊಂದು ಕಡೆ ಮಿತಿಯ ಅಂಕಿ ಒಂದೊಂದು.

ಕೊನೆಗೆ ಸೀಲಿಯಾಕ್ ಎಂದೇ ಆದರೆ ನಮ್ಮ ಅಡುಗೆಮನೆಯಲ್ಲಿ ಪಾವ್, ಚಪಾತಿ ಬಿಟ್ಟು ನೋಡಬೇಕಾದ ಎರಡು ಜಾಗ ಹೇಳುತ್ತೇನೆ. ಬಂಗಡೆಯ ರವಾ ಫ್ರೈನ ರವೆ ಗೋಧಿಯದು. ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ಕಾಯಿಸಿ, ಹೋಟೆಲಿನಲ್ಲಿ ಅದೇ ಬಾಣಲೆಯ ಎಣ್ಣೆ ಎಂಬುದನ್ನು ಮರೆಯಬೇಡಿ. ಇನ್ನೊಂದು ಸಾರಿನ ಒಗ್ಗರಣೆಗೆ ಹಾಕುವ ಇಂಗು. ಅಂಗಡಿಯಲ್ಲಿ ಸಿಗುವ ಇಂಗಿಗೆ ಹಲವು ಕಡೆ ಗೋಧಿಹಿಟ್ಟೋ ಮೈದಾವೋ ಬೆರೆತಿರುತ್ತದೆ. ಡಬ್ಬಿ ತಿರುಗಿಸಿ ಓದಿ. ಈಗಲ್ಲ, ಫಲಿತಾಂಶ ಬಂದ ಮೇಲೆ. ಈಗ ರಾತ್ರಿಯ ಊಟಕ್ಕೆ ಎರಡು ಚಪಾತಿ ತಿನ್ನಿ, ಹಳೆಯ ವರದಿಗಳನ್ನೆಲ್ಲ ಒಂದು ಫೈಲಿಗೆ ಸೇರಿಸಿ, ಆ ಒಂದೂವರೆ ತಿಂಗಳ ಮಾತನ್ನು ವೈದ್ಯರಿಗೆ ಮೊದಲು ಹೇಳಿ.